ಜಾಗತಿಕ ವೃತ್ತಿ ಸಮ್ಮೇಳನದ ಆತಿಥ್ಯ: ಕಬ್ಬಿನ ನಾಡಿಗೆ ಇನ್ನೆಷ್ಟು ದೂರ?

2023ರ ಫೆಬ್ರುವರಿಯಲ್ಲಿ ಅಂತರರಾಷ್ಟ್ರೀಯ ಕಬ್ಬು ತಂತ್ರಜ್ಞರ ಸಂಘದ 31ನೆಯ ಮಹಾಸಮ್ಮೇಳನ ಹೈದರಾಬಾದಿನಲ್ಲಿ ನಡೆಯಿತು. ಕಬ್ಬಿನ ತಳಿವಿಜ್ಞಾನಿಗಳು, ಬೇಸಾಯ ತಜ್ಞರು, ಕಾರ್ಖಾನೆಗಳ ಎಂಜಿನಿಯರರು, ರಸಾಯನಶಾಸ್ತ್ರಜ್ಞರು ಸಾಮಾನ್ಯವಾಗಿ ಮೂರು ವರ್ಷಗಳಿಗೊಮ್ಮೆ ಒಂದೆಡೆ ಸೇರುವ ಸಭೆ ಇದು. 1924ರಲ್ಲಿ ಹವಾಯಿಯ ಹೊನಲುಲುವಿನಲ್ಲಿ ಹುಟ್ಟಿದ ಈ ಸಂಘದ ಸಮ್ಮೇಳನ ಭಾರತಕ್ಕೆ ಬಂದದ್ದು ಮೂರು ಬಾರಿ ಮಾತ್ರ: 1956ರಲ್ಲೊಮ್ಮೆ, 1999ರಲ್ಲಿ ನವದೆಹಲಿಗೆ, ತದನಂತರ 2023ರಲ್ಲಿ ಹೈದರಾಬಾದಿಗೆ.

ಕರ್ನಾಟಕದಲ್ಲಿ ಅತ್ಯಧಿಕ ಕಬ್ಬು ಬೆಳೆಯುವ ಜಿಲ್ಲೆ ಬೆಳಗಾವಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಕೃಷ್ಣೆ, ದೂಧಗಂಗೆಯರ ದಂಡೆಯುದ್ದಕ್ಕೂ ಕಬ್ಬೇ ಜೀವನಾಧಾರ. ಸಕ್ಕರೆಯ ತಂತ್ರಜ್ಞಾನ ಕುರಿತ ಜಾಗತಿಕ ಚರ್ಚೆ ಈ ನೆಲಕ್ಕೆ ಏಕೆ ಬರುವುದಿಲ್ಲ ಎಂಬ ಪ್ರಶ್ನೆ ಸಹಜವಾದದ್ದು. ‘ದೊಡ್ಡ ಸಭಾಂಗಣವಿಲ್ಲ, ವಿಮಾನವಿಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಆದರೆ ಇಂಥ ಸಮ್ಮೇಳನಗಳ ಆತಿಥ್ಯ ನಿರ್ಧಾರವಾಗುವ ಬಗೆಯನ್ನು ಗಮನಿಸಿದರೆ ಆ ಉತ್ತರ ಅರ್ಧ ಸತ್ಯವೆಂದು ತಿಳಿಯುತ್ತದೆ.

ಸಮ್ಮೇಳನ ಯಾರ ಸ್ವತ್ತು?

ವೃತ್ತಿ ಸಮ್ಮೇಳನ ಸರ್ಕಾರದ ಸಮಾವೇಶವಲ್ಲ. 2011ರ ಮಾರ್ಚ್‌ನಲ್ಲಿ ಬೆಳಗಾವಿಯಲ್ಲಿ ಜರುಗಿದ ವಿಶ್ವ ಕನ್ನಡ ಸಮ್ಮೇಳನದ ಸ್ಥಳವನ್ನು ರಾಜ್ಯ ಸರ್ಕಾರವೇ ನಿಶ್ಚಯಿಸಿತ್ತು, ವೆಚ್ಚವನ್ನೂ ಭರಿಸಿತ್ತು. ಬಂಡವಾಳ ಹೂಡಿಕೆದಾರರ ಸಮಾವೇಶಗಳೂ ಅದೇ ಜಾಡಿನವು. ವೃತ್ತಿ ಸಮ್ಮೇಳನವಾದರೋ ಒಂದು ಜಾಗತಿಕ ಮಾತೃಸಂಸ್ಥೆಯ ಸ್ವತ್ತು. ಊರಿಂದೂರಿಗೆ ಹೋಗುವ ಆ ಸಭೆಯನ್ನು ಆತಿಥೇಯರು ಕೆಲವು ದಿನಗಳ ಮಟ್ಟಿಗೆ ಎರವಲು ಪಡೆಯುತ್ತಾರೆ ಅಷ್ಟೆ. 1963ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಕಾಂಗ್ರೆಸ್ ಮತ್ತು ಸಮಾವೇಶ ಸಂಘವು ನಗರಗಳಿಗೆ ದರ್ಜೆ ನೀಡುವಾಗ ಕನಿಷ್ಠ 50 ಮಂದಿ ಭಾಗವಹಿಸುವ, ನಿಯತವಾಗಿ ನಡೆಯುವ, ಕನಿಷ್ಠ ಮೂರು ದೇಶಗಳ ನಡುವೆ ಸರದಿಯ ಮೇಲೆ ಸುತ್ತುವ ಸಭೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಒಂದೇ ಊರಿನಲ್ಲಿ ವರ್ಷವರ್ಷವೂ ನಡೆಯುವ ಉತ್ಸವ, ಅದೆಷ್ಟೇ ಬೃಹತ್ತಾಗಿದ್ದರೂ, ಈ ಲೆಕ್ಕಕ್ಕೆ ಬಾರದು. ಅಥಣಿ ತಾಲ್ಲೂಕಿನ ಕೊಕಟನೂರಿನ ಯಲ್ಲಮ್ಮನ ಜಾತ್ರೆಗೆ ಬರುವ ಜನಸ್ತೋಮವನ್ನು ಕಂಡವರಿಗೆ 50ರ ಮಿತಿ ನಗೆ ತರಿಸೀತು. ಆದರೆ ಇಲ್ಲಿ ಮುಖ್ಯವಾದುದು ತಲೆ ಎಣಿಕೆಯಲ್ಲ, ಸರದಿ.

ಕನ್ನಡದ ಓದುಗರಿಗೆ ಹತ್ತಿರದ ಹೋಲಿಕೆ ಎಂದರೆ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ. ಜಿಲ್ಲೆಗಳಿಂದ ಆಹ್ವಾನ ಬರುತ್ತದೆ, ಪರಿಷತ್ತಿನ ಕಾರ್ಯಕಾರಿ ಸಮಿತಿ ತೀರ್ಮಾನಿಸುತ್ತದೆ, ಜಿಲ್ಲಾ ಘಟಕ ಹೊಣೆ ಹೊರುತ್ತದೆ. ಹಿಂದಿನ ಸಮ್ಮೇಳನದ ಹೊತ್ತಿನಲ್ಲೇ ಮುಂದಿನದರ ಲಾಬಿ ಆರಂಭವಾಗುವುದೂ ಉಂಟು. ಜಾಗತಿಕ ಸಮ್ಮೇಳನಗಳಲ್ಲಿ ನಡೆಯುವುದೂ ಸ್ಥೂಲವಾಗಿ ಇದೇ. ವ್ಯತ್ಯಾಸವಿರುವುದು ಕಾಲಾವಧಿಯಲ್ಲಿ. 2010ರ ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ನಡೆದ ಗಣಿತಜ್ಞರ ಅಂತರರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಳ ನಿಶ್ಚಯವಾದದ್ದು ನಾಲ್ಕು ವರ್ಷ ಮೊದಲು, 2006ರಲ್ಲಿ ಸ್ಪೇನಿನ ಸ್ಯಾಂಟಿಯಾಗೊ ದೆ ಕೊಂಪೊಸ್ಟೆಲಾದಲ್ಲಿ ಸೇರಿದ್ದ ಗಣಿತ ಒಕ್ಕೂಟದ ಮಹಾಸಭೆಯಲ್ಲಿ. 2020ರ ಅಂತರರಾಷ್ಟ್ರೀಯ ಭೂವಿಜ್ಞಾನ ಕಾಂಗ್ರೆಸ್ಸನ್ನು ಭಾರತ ಗೆದ್ದುಕೊಂಡದ್ದು ಎಂಟು ವರ್ಷ ಮೊದಲು, 2012ರ ಬ್ರಿಸ್ಬೇನ್ ಕಾಂಗ್ರೆಸ್ಸಿನಲ್ಲಿ. ನಮ್ಮಲ್ಲಿ ಎರಡು ವಿಧಾನಸಭಾ ಚುನಾವಣೆಗಳು ಮುಗಿದು ಹೋಗುವಷ್ಟು ಕಾಲ!

ಬಿಡ್ ಪತ್ರದ ಒಳಗೆ

ಆತಿಥ್ಯ ಬಯಸುವ ರಾಷ್ಟ್ರೀಯ ಸಂಘ ಮೊದಲು ಆಸಕ್ತಿ ಪತ್ರ ಸಲ್ಲಿಸುತ್ತದೆ. ಮಾತೃಸಂಸ್ಥೆ ನಿಯಮಾವಳಿ ಕಳುಹಿಸುತ್ತದೆ. ಅದಕ್ಕೆ ಉತ್ತರವಾಗಿ ಸಿದ್ಧವಾಗುವುದೇ ಬಿಡ್ ದಾಖಲೆ. ಸಭಾಂಗಣಗಳ ಅಳತೆ, ಸಮಾನಾಂತರ ಗೋಷ್ಠಿಗಳಿಗೆ ಕೊಠಡಿಗಳ ಸಂಖ್ಯೆ, ನಡಿಗೆಯ ಅಂತರದಲ್ಲಿರುವ ಹೋಟೆಲುಗಳು, ವಿವಿಧ ದರ್ಜೆಯ ಕೋಣೆಗಳ ಲೆಕ್ಕ, ವಿಮಾನ ಸಂಪರ್ಕ, ಮುಂಗಡಪತ್ರ, ನೋಂದಣಿ ಶುಲ್ಕ, ಬಡ ದೇಶಗಳ ಪ್ರತಿನಿಧಿಗಳಿಗೂ ವಿದ್ಯಾರ್ಥಿಗಳಿಗೂ ರಿಯಾಯಿತಿ, ಕ್ಷೇತ್ರ ಪ್ರವಾಸ, ಸರ್ಕಾರದ ಬೆಂಬಲ ಪತ್ರ ಇವೆಲ್ಲ ಅದರಲ್ಲಿರಬೇಕು. ತದನಂತರ ಸ್ಥಳ ಪರಿಶೀಲನೆ, ಸಮಿತಿಯ ಮುಂದೆ ಮಂಡನೆ, ಕಡೆಗೆ ಮತದಾನ ಅಥವಾ ಆಡಳಿತ ಮಂಡಳಿಯ ತೀರ್ಮಾನ. ಕೆಲವು ಸಂಸ್ಥೆಗಳು ಖಂಡಗಳ ಸರದಿಯನ್ನೂ ಪಾಲಿಸುತ್ತವೆ. ತನ್ನ ಖಂಡದ ಸರದಿಯಲ್ಲದ ವರ್ಷ ಎಷ್ಟು ಚೆಂದದ ಬಿಡ್ ಸಲ್ಲಿಸಿದರೂ ಪ್ರಯೋಜನವಿಲ್ಲ.

ಈ ದಾಖಲೆ ಸಿದ್ಧಪಡಿಸಲು ನೆರವಾಗುವ ವ್ಯವಸ್ಥೆ ದೇಶದಲ್ಲಿದೆ. ಭಾರತ ಸಮಾವೇಶ ಉತ್ತೇಜನ ಬ್ಯೂರೊ 1988ರಲ್ಲೇ ಸ್ಥಾಪನೆಯಾಯಿತು. ಶುಲ್ಕ ಪಡೆದು ನೋಂದಣಿ, ಹೋಟೆಲು, ವೇದಿಕೆಗಳ ಹೊಣೆ ಹೊರುವ ವೃತ್ತಿಪರ ಸಂಘಟಕರೂ ಇದ್ದಾರೆ. ಆದರೆ ಬಿಡ್ ದಾಖಲೆಯಲ್ಲಿ ಯಾವ ಬ್ಯೂರೊ ಕೂಡ ಬರೆದುಕೊಡಲಾಗದ ಒಂದು ಭಾಗವಿದೆ. ಅದು ಆತಿಥೇಯ ಸಂಘದ ಚರಿತ್ರೆ. ಈ ಸಂಘದವರು ಹಿಂದಿನ ಎಷ್ಟು ಸಮ್ಮೇಳನಗಳಿಗೆ ಬಂದಿದ್ದಾರೆ, ಎಷ್ಟು ಪ್ರಬಂಧ ಓದಿದ್ದಾರೆ, ಮಾತೃಸಂಸ್ಥೆಯ ಸಮಿತಿಗಳಲ್ಲಿ ಯಾರು ದುಡಿದಿದ್ದಾರೆ? ಮತ ಹಾಕುವವರು ಬಣ್ಣದ ಚಿತ್ರಗಳಿಗಿಂತ ಪರಿಚಿತ ಮುಖಗಳನ್ನು ನೋಡುತ್ತಾರೆ.

ಬೆಂಗಳೂರು 1988, ಹೈದರಾಬಾದ್ 2007

ಇದಕ್ಕೆ ಕರ್ನಾಟಕದಲ್ಲೇ ನಿದರ್ಶನವಿದೆ. 1988ರ ಅಕ್ಟೋಬರ್ 8ರಿಂದ 15ರವರೆಗೆ ಅಂತರರಾಷ್ಟ್ರೀಯ ಗಗನಯಾನ ಒಕ್ಕೂಟದ 39ನೆಯ ಕಾಂಗ್ರೆಸ್ ಬೆಂಗಳೂರಿನಲ್ಲಿ ನಡೆಯಿತು. ಇಂದಿನ ಅರ್ಥದ ಬೃಹತ್ ಸಮಾವೇಶ ಕೇಂದ್ರ ನಗರದಲ್ಲಿ ಆಗ ಇರಲಿಲ್ಲ. ತುಮಕೂರು ರಸ್ತೆಯ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ತೆರೆದದ್ದು 2007ರಲ್ಲಿ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಲ್ಲಿ. ಬೆಂಗಳೂರಿನಲ್ಲಿ ಇದ್ದದ್ದು ಇಸ್ರೋ. ಉಡುಪಿ ಬಳಿಯ ಅದಮಾರಿನವರಾದ ಯು.ಆರ್. ರಾವ್ ಆಗ ಅದರ ಅಧ್ಯಕ್ಷರು. ಒಕ್ಕೂಟದ ವಲಯದಲ್ಲಿ ಅವರಿಗೆ ಗಣ್ಯ ಸ್ಥಾನವಿತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಭಾರತದ ಮೊದಲ ಪೂರ್ಣ ಕಾರ್ಯಾಚರಣೆಯ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ ಕಕ್ಷೆ ಸೇರಿತ್ತು. ಬಂದ ಪ್ರತಿನಿಧಿಗಳಿಗೆ ತೋರಿಸಲು ನಗರದಲ್ಲಿ ಕೆಲಸವಿತ್ತು, ಕೆಲಸ ಮಾಡಿದವರಿದ್ದರು.

ಹತ್ತೊಂಬತ್ತು ವರ್ಷಗಳ ಬಳಿಕ, 2007ರ ಸೆಪ್ಟೆಂಬರ್‌ನಲ್ಲಿ, ಅದೇ ಕಾಂಗ್ರೆಸ್ ಮತ್ತೆ ಭಾರತಕ್ಕೆ ಬಂದಾಗ ಸೇರಿದ್ದು ಹೈದರಾಬಾದಿನಲ್ಲಿ. ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇತ್ತು. ಬದಲಾದದ್ದೆಂದರೆ, ಹೈದರಾಬಾದಿನಲ್ಲಿ 2006ರಲ್ಲಿ ಸಾವಿರಾರು ಜನ ಒಂದೇ ಸೂರಿನಡಿ ಕೂರಬಲ್ಲ, ಹೋಟೆಲು ಅಂಟಿಕೊಂಡೇ ಇರುವ ಸಮಾವೇಶ ಕೇಂದ್ರ ತೆರೆದಿತ್ತು. 2010ರ ಗಣಿತ ಕಾಂಗ್ರೆಸ್ಸೂ ಅಲ್ಲಿಯೇ ನಡೆಯಿತು. ಈ ಎರಡು ವರ್ಷಗಳನ್ನು ಒಟ್ಟಿಗಿಟ್ಟು ನೋಡಬೇಕು. ಸಭೆಯನ್ನು ದೇಶಕ್ಕೆ ತರುವುದು ವೃತ್ತಿಯ ಬಲ. ದೇಶದೊಳಗೆ ಅದು ಯಾವ ಊರಿಗೆ ಹೋಗಬೇಕೆಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಟ್ಟಡ.

ಬೆಳೆ ಒಂದೆಡೆ, ಸಭೆ ಇನ್ನೊಂದೆಡೆ

2023ರ ಸೆಪ್ಟೆಂಬರ್ 25ರಿಂದ 28ರವರೆಗೆ ಬೆಂಗಳೂರು ಅರಮನೆಯ ಆವರಣದಲ್ಲಿ ಐದನೆಯ ವಿಶ್ವ ಕಾಫಿ ಸಮ್ಮೇಳನ ನಡೆಯಿತು. ಏಷ್ಯಾದಲ್ಲಿ ಅದೇ ಮೊದಲು. ದೇಶದ ಕಾಫಿಯ ಸುಮಾರು 70 ಪಾಲು ಕರ್ನಾಟಕದ್ದು. ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಸಭೆ ಸೇರಿದ್ದು ರಾಜಧಾನಿಯಲ್ಲಿ. ಇದಕ್ಕೆ ಯಾರೂ ತಕರಾರು ಎತ್ತಲಿಲ್ಲ, ಎತ್ತಲು ಕಾರಣವೂ ಇಲ್ಲ: ತೋಟಗಳು ಒಂದು ದಿನದ ಪ್ರಯಾಣದೊಳಗಿವೆ, ಕಾಫಿ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲೇ ಇದೆ.

ಕಬ್ಬಿನ ವಿಚಾರ ಬೇರೆ. ಕಬ್ಬು ತಂತ್ರಜ್ಞರ ಸಂಘದ ಈಚಿನ ಸಮ್ಮೇಳನಗಳು ನಡೆದ ಊರುಗಳ ಪಟ್ಟಿ ಕುತೂಹಲಕರ. 2007ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್, 2010ರಲ್ಲಿ ಮೆಕ್ಸಿಕೊದ ವೆರಾಕ್ರೂಜ್, 2016ರಲ್ಲಿ ಥಾಯ್ಲೆಂಡಿನ ಚಿಯಾಂಗ್ ಮಾಯ್, 2019ರಲ್ಲಿ ಅರ್ಜೆಂಟೀನಾದ ತುಕುಮಾನ್, 2025ರಲ್ಲಿ ಕೊಲಂಬಿಯಾದ ಕಾಲಿ. ಯಾವುದೂ ದೇಶದ ರಾಜಧಾನಿಯಲ್ಲ. ಡರ್ಬನ್, ವೆರಾಕ್ರೂಜ್, ತುಕುಮಾನ್, ಕಾಲಿಗಳಂತೂ ತಮ್ಮ ತಮ್ಮ ದೇಶದ ಕಬ್ಬಿನ ಸೀಮೆಯ ಊರುಗಳೇ.

ಇವುಗಳಲ್ಲಿ ತುಕುಮಾನ್ ನಮ್ಮ ಗಮನಕ್ಕೆ ಹೆಚ್ಚು ಯೋಗ್ಯ. ಅರ್ಜೆಂಟೀನಾದ ಅತ್ಯಂತ ಚಿಕ್ಕ ಪ್ರಾಂತ್ಯ. ರಾಜಧಾನಿ ಬ್ಯೂನಸ್ ಐರಿಸ್‌ನಿಂದ ಸಾವಿರ ಕಿ.ಮೀ.ಗೂ ಹೆಚ್ಚು ದೂರ. ಪ್ರಾಂತ್ಯದ ಮುಖ್ಯ ನಗರದ ಜನಸಂಖ್ಯೆ ಐದು ಲಕ್ಷಕ್ಕೂ ಮಿಕ್ಕಿದ್ದು, ಹೆಚ್ಚುಕಡಿಮೆ ಬೆಳಗಾವಿಯಷ್ಟೆ. (2011ರ ಜನಗಣತಿಯಲ್ಲಿ ಬೆಳಗಾವಿ ನಗರದ ಜನಸಂಖ್ಯೆ 4.88 ಲಕ್ಷ.) ಆದರೆ ಅಲ್ಲಿ 1909ರಲ್ಲೇ ಸ್ಥಾಪನೆಯಾದ ಕೃಷಿ ಪ್ರಯೋಗ ಕೇಂದ್ರವಿದೆ, ಕಬ್ಬು ತಂತ್ರಜ್ಞರ ಸಂಘಟನೆ ಇದೆ. ಕಾಲಿಯ ಕಥೆಯೂ ಭಿನ್ನವಲ್ಲ. ಅಲ್ಲಿನ ಕೌಕಾ ಕಣಿವೆಯಲ್ಲಿ ಕಾರ್ಖಾನೆಗಳೂ ಬೆಳೆಗಾರರೂ ಸೇರಿ ಹಣ ಹಾಕಿ ನಡೆಸುವ ಸೆನಿಕಾನ್ಯಾ ಸಂಶೋಧನಾ ಕೇಂದ್ರ 1977ರಿಂದ ಇದೆ. ಸಮ್ಮೇಳನದ ಆತಿಥೇಯರಾದ ತೆಕ್ನಿಕಾನ್ಯಾ ಅಲ್ಲಿಯದೇ ತಂತ್ರಜ್ಞರ ಸಂಘ. ಡರ್ಬನ್ ಸಮೀಪದ ಮೌಂಟ್ ಎಜ್‌ಕೋಂಬ್‌ನಲ್ಲಿ ದಕ್ಷಿಣ ಆಫ್ರಿಕದ ಕಬ್ಬು ಸಂಶೋಧನಾ ಸಂಸ್ಥೆ ಇದೆ. ಸಂಶೋಧನೆ, ಸಂಘಟನೆ, ಗದ್ದೆ ಮೂರೂ ಒಂದೇ ಕಡೆ ಇರುವಲ್ಲಿಗೆ ಸಭೆ ಹೋಗಿದೆ.

ಭಾರತದಲ್ಲಿ ಈ ಮೂರು ಚದುರಿಹೋಗಿವೆ. ಆತಿಥೇಯ ಸಂಸ್ಥೆಯಾದ ಭಾರತ ಸಕ್ಕರೆ ತಂತ್ರಜ್ಞರ ಸಂಘದ ಕಚೇರಿ ದೆಹಲಿಯಲ್ಲಿದೆ. ಕಬ್ಬು ತಳಿ ಸಂಶೋಧನೆಯ ಹಿರಿಯ ಸಂಸ್ಥೆ 1912ರಿಂದ ಕೊಯಮತ್ತೂರಿನಲ್ಲಿದೆ. ಬೆಳಗಾವಿ ಸೀಮೆಯಲ್ಲಿ ಮನೆಮಾತಾದ ಕೋ-86032 ತಳಿ ಅಲ್ಲಿಯದೇ. ದಕ್ಷಿಣ ಭಾರತದ ತಂತ್ರಜ್ಞರ ಸಂಘ ಚೆನ್ನೈಯಲ್ಲಿ, ದಖ್ಖನಿನದು ಪುಣೆಯಲ್ಲಿ. ಪುಣೆ ಬಳಿಯ ಮಾಂಜರಿಯ ವಸಂತದಾದಾ ಸಕ್ಕರೆ ಸಂಸ್ಥೆ ತನ್ನದೇ ಅಂತರರಾಷ್ಟ್ರೀಯ ಸಮ್ಮೇಳನಗಳನ್ನು ನಡೆಸುವಷ್ಟು ಬೆಳೆದಿದೆ. ಬೆಳಗಾವಿಯ ತಂತ್ರಜ್ಞ ಇವುಗಳಲ್ಲಿ ಯಾವುದಕ್ಕೆ ಸೇರಿದವನು? ಭಾಷೆಯ ಗಡಿ ತಂಟೆಯನ್ನು ದಿನವೂ ಚರ್ಚಿಸುವ ನಾವು ಈ ಗಡಿ ತೊಡಕನ್ನು ಗಮನಿಸಿಯೇ ಇಲ್ಲ.

ಹಣದ ಲೆಕ್ಕ

ಸಮ್ಮೇಳನದ ಆದಾಯ ಬರುವುದು ಮುಖ್ಯವಾಗಿ ನೋಂದಣಿ ಶುಲ್ಕ, ಪ್ರಾಯೋಜಕರು, ಯಂತ್ರೋಪಕರಣಗಳ ಪ್ರದರ್ಶನ ಮಳಿಗೆ, ಸರ್ಕಾರದ ಅನುದಾನ ಈ ನಾಲ್ಕರಿಂದ. ವೆಚ್ಚದಲ್ಲಿ ಎರಡು ಬಗೆ. ಎಷ್ಟೇ ಜನ ಬರಲಿ, ತಪ್ಪದ ಸ್ಥಿರ ವೆಚ್ಚ ಒಂದು. ತಲೆಗಿಷ್ಟು ಎಂದು ಏರುವ ವೆಚ್ಚ ಇನ್ನೊಂದು. ತಿಳಿಯಲು ಸುಲಭವಾಗಲೆಂದು ಕಾಲ್ಪನಿಕ ಲೆಕ್ಕವೊಂದನ್ನು ಹಾಕಬಹುದು. ಸ್ಥಿರ ವೆಚ್ಚ 3 ಕೋಟಿ ರೂಪಾಯಿ, ಒಬ್ಬ ಪ್ರತಿನಿಧಿಯ ಊಟ, ಚೀಲ, ವಾಹನಕ್ಕೆ 15 ಸಾವಿರ, ನೋಂದಣಿ ಶುಲ್ಕ 45 ಸಾವಿರ ಎಂದಿಟ್ಟುಕೊಳ್ಳೋಣ. ಒಬ್ಬರಿಂದ ಉಳಿಯುವುದು 30 ಸಾವಿರ. ಶುಲ್ಕವೊಂದರಿಂದಲೇ ಸರಿದೂಗಿಸಬೇಕಾದರೆ ಒಂದು ಸಾವಿರ ಪ್ರತಿನಿಧಿಗಳು ಬರಬೇಕು. ಪ್ರಾಯೋಜಕರಿಂದ ಒಂದೂವರೆ ಕೋಟಿ ಬಂದರೆ ಐನೂರು ಮಂದಿ ಸಾಕು. ಆದ್ದರಿಂದಲೇ ಅನುಭವಸ್ಥ ಸಂಘಟಕರು ಪ್ರಾಯೋಜಕರನ್ನು ಖಚಿತಪಡಿಸಿಕೊಂಡ ನಂತರವೇ ಶುಲ್ಕ ಪ್ರಕಟಿಸುತ್ತಾರೆ.

ಮಾತೃಸಂಸ್ಥೆ ಪ್ರತಿ ಪ್ರತಿನಿಧಿಯ ಶುಲ್ಕದಲ್ಲಿ ಪಾಲು ಕೇಳುವುದುಂಟು; ಉಳಿತಾಯದಲ್ಲಿ ಪಾಲು, ನಷ್ಟದಲ್ಲಿ ಮೌನ ಎಂಬಂಥ ಕರಾರುಗಳೂ ಉಂಟು. ಹೋಟೆಲುಗಳೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲಿ ಕಾಯ್ದಿರಿಸಿದ ಕೋಣೆ ತುಂಬದಿದ್ದರೆ ತೆರಬೇಕಾದ ದಂಡವಿರುತ್ತದೆ. ಸಹಿ ಹಾಕುವ ಮುನ್ನ ಓದಬೇಕಾದ ಪುಟಗಳು ಇವೇ. ಉದ್ಘಾಟಕರು ಯಾರು ಎಂಬ ಚರ್ಚೆಗೆ ಸ್ವಾಗತ ಸಮಿತಿಗಳು ವ್ಯಯಿಸುವ ಸಮಯದ ಕಾಲು ಭಾಗವಾದರೂ ಈ ಪುಟಗಳಿಗೆ ಸಲ್ಲಬೇಕು.

ವೀಸಾ, ವ್ಯಾಧಿ, ಯುದ್ಧ

ವಿದೇಶಿ ಪ್ರತಿನಿಧಿಗಳಿಗೆ ಪ್ರವಾಸಿ ವೀಸಾ ಸಾಲದು. ಸಮ್ಮೇಳನ ವೀಸಾ ಬೇಕು. ಅದಕ್ಕೆ ಸಂಘಟಕರ ಆಹ್ವಾನ ಪತ್ರದ ಜತೆಗೆ ವಿದೇಶಾಂಗ ಸಚಿವಾಲಯದ ರಾಜಕೀಯ ಅನುಮತಿ, ಗೃಹ ಸಚಿವಾಲಯದ ಅನುಮತಿಗಳನ್ನು ಮುಂಚಿತವಾಗಿ ಪಡೆದಿರಬೇಕು. ಎಲ್ಲ ಸದಸ್ಯ ದೇಶಗಳವರಿಗೂ ಪ್ರವೇಶ ದೊರೆಯುವುದೇ ಎಂಬುದು ಮಾತೃಸಂಸ್ಥೆಗಳು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು. 2019ರ ಫೆಬ್ರುವರಿಯಲ್ಲಿ ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಪಾಕಿಸ್ತಾನದ ಸ್ಪರ್ಧಿಗಳಿಗೆ ವೀಸಾ ದೊರೆಯದಿದ್ದಾಗ, ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು ಭಾರತದೊಡನೆ ಆತಿಥ್ಯದ ಮಾತುಕತೆಯನ್ನೇ ಅಮಾನತಿನಲ್ಲಿಟ್ಟಿತ್ತು. ಕೆಲವು ತಿಂಗಳ ಬಳಿಕ ಅದು ತೆರವಾಯಿತು. ಅದು ಕ್ರೀಡೆಯ ಮಾತಾದರೂ ವೃತ್ತಿ ಸಂಸ್ಥೆಗಳೂ ಇದೇ ಕಣ್ಣಿನಿಂದ ನೋಡುತ್ತವೆ. ಪಾಕಿಸ್ತಾನವೂ ದೊಡ್ಡ ಪ್ರಮಾಣದಲ್ಲಿ ಕಬ್ಬು ಬೆಳೆಯುವ ದೇಶವೆಂಬುದನ್ನು ಇಲ್ಲಿ ನೆನೆಯಬೇಕು.

ಎಲ್ಲವೂ ಸಿದ್ಧವಾಗಿಯೂ ಸಭೆ ನಡೆಯದಿರಬಹುದು. ಎಂಟು ವರ್ಷ ತಯಾರಿ ನಡೆಸಿದ ಭೂವಿಜ್ಞಾನ ಕಾಂಗ್ರೆಸ್ 2020ರ ಮಾರ್ಚ್ 2ರಿಂದ ಆರಂಭವಾಗಬೇಕಿತ್ತು. ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನ, ಶ್ರೀಲಂಕಾಗಳೂ ಸಹ ಆತಿಥೇಯರಾಗಿದ್ದ ಆ ಸಭೆ ಕೋವಿಡ್‌ನಿಂದಾಗಿ ಮುಂದೂಡಿಕೆಯಾಗಿ, ಕಡೆಗೆ 2022ರ ಮಾರ್ಚ್‌ನಲ್ಲಿ ಅಂತರಜಾಲದಲ್ಲೇ ಮುಗಿಯಿತು. ವಿಶ್ವ ಕಾಫಿ ಸಮ್ಮೇಳನವೂ ಮೂಲತಃ 2020ರಲ್ಲಿ ನಡೆಯಬೇಕಾಗಿದ್ದದ್ದು. 2022ರ ಗಣಿತ ಕಾಂಗ್ರೆಸ್ಸನ್ನು ಗೆದ್ದಿದ್ದ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್, ಉಕ್ರೇನ್ ಯುದ್ಧದ ಕಾರಣ ಅದನ್ನು ಕಳೆದುಕೊಂಡಿತು. ಉಪನ್ಯಾಸಗಳು ಅಂತರಜಾಲಕ್ಕೆ ಹೋದವು, ಪ್ರಶಸ್ತಿ ಪ್ರದಾನ ಹೆಲ್ಸಿಂಕಿಯಲ್ಲಿ ನಡೆಯಿತು. ಸಭಾಂಗಣದ ಮುಂಗಡ ಹಣ ಇಂಥ ಸಂದರ್ಭದಲ್ಲಿ ಯಾರ ಪಾಲು ಎಂಬುದು ಕರಾರಿನ ಒಂದು ವಾಕ್ಯದ ಮೇಲೆ ನಿಂತಿರುತ್ತದೆ.

ಬೆಳಗಾವಿಯ ಜಮಾ–ಖರ್ಚು

ಬೆಳಗಾವಿಯಲ್ಲಿ ಏನಿದೆ? ಎಸ್. ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕಬ್ಬು ಸಂಶೋಧನಾ ಕೇಂದ್ರವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವಿದೆ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧವಿದೆ. ಅಧಿವೇಶನದ ದಿನಗಳನ್ನು ಬಿಟ್ಟರೆ ಅದರ ಬಳಕೆ ವಿರಳ ಎಂಬ ಕೊರಗು ಹಳೆಯದು. 2017ರಲ್ಲಿ ಹೊಸ ಟರ್ಮಿನಲ್ ಕಂಡ ಸಾಂಬ್ರಾ ವಿಮಾನ ನಿಲ್ದಾಣವಿದೆ, ಆದರೆ ವಿದೇಶಕ್ಕೆ ನೇರ ವಿಮಾನವಿಲ್ಲ. ಸಾವಿರ ಮಂದಿ ವಿದೇಶಿ ಮತ್ತು ಸ್ವದೇಶಿ ಪ್ರತಿನಿಧಿಗಳಿಗೆ ಒಂದೇ ಆವರಣದಲ್ಲಿ ಹತ್ತಾರು ಸಮಾನಾಂತರ ಗೋಷ್ಠಿಗಳನ್ನು ನಡೆಸಬಲ್ಲ ಕೇಂದ್ರವೂ ಇಲ್ಲ.

ಋತುವಿನ ತೊಡಕೂ ಇದೆ. ಕಬ್ಬು ಸಮ್ಮೇಳನಕ್ಕೆ ಬಂದವರು ಕಾರ್ಖಾನೆ ನುರಿಸುವುದನ್ನು ನೋಡಬಯಸುತ್ತಾರೆ. ಕೌಕಾ ಕಣಿವೆಯಲ್ಲಿ ವರ್ಷವಿಡೀ ಕಬ್ಬು ನುರಿಸುವುದರಿಂದ ಕಾಲಿಯ ಸಮ್ಮೇಳನ ಆಗಸ್ಟ್‌ನಲ್ಲಿ ನಡೆದರೂ ಅಡ್ಡಿಯಿರಲಿಲ್ಲ. ನಮ್ಮಲ್ಲಿ ಹಂಗಾಮು ನವೆಂಬರ್‌ನಿಂದ ಫೆಬ್ರುವರಿ–ಮಾರ್ಚ್‌ವರೆಗೆ. ನವೆಂಬರ್ ದರ ನಿಗದಿಯ ಹೋರಾಟದ ತಿಂಗಳು; 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ನಡೆಸಿದ ಧರಣಿಯನ್ನು ರಾಜ್ಯವೇ ನೋಡಿದೆ. ಡಿಸೆಂಬರ್‌ನಲ್ಲಿ ವಿಧಾನಮಂಡಲ ಅಧಿವೇಶನ. ನಗರದ ಹೋಟೆಲುಗಳೆಲ್ಲ ಶಾಸಕರಿಗೂ ಅಧಿಕಾರಿಗಳಿಗೂ ಮೀಸಲು. ಉಳಿಯುವುದು ಜನವರಿಯ ಉತ್ತರಾರ್ಧ ಮತ್ತು ಫೆಬ್ರುವರಿ.

1956, 1999, 2023 ಎಂಬ ಅಂತರ ನೋಡಿದರೆ ಮಹಾಸಮ್ಮೇಳನ ಮತ್ತೆ ಭಾರತಕ್ಕೆ ಬರುವುದು ಬೇಗ ಆಗುವ ಮಾತಲ್ಲ. ಆದರೆ ಎರಡು ಸಮ್ಮೇಳನಗಳ ನಡುವಿನ ಅವಧಿಯಲ್ಲಿ ಅದೇ ಸಂಘ ಬೇಸಾಯ, ತಳಿ, ರೋಗ, ಎಂಜಿನಿಯರಿಂಗ್ ವಿಭಾಗಗಳ ಚಿಕ್ಕ ಕಾರ್ಯಾಗಾರಗಳನ್ನು ದೇಶದೇಶಗಳಲ್ಲಿ ನಡೆಸುತ್ತದೆ. ಅವುಗಳಿಗೆ ಮಹಾಸಭಾಂಗಣ ಬೇಡ. ಒಂದು ಸಂಶೋಧನಾ ಕೇಂದ್ರ, ಒಂದು ಸಾಧಾರಣ ಸಭಾಗೃಹ, ಉತ್ತಮ ಹೋಟೆಲು, ನೋಡಲು ಯೋಗ್ಯವಾದ ಗದ್ದೆ ಇದ್ದರೆ ಸಾಕು. ಬೆಳಗಾವಿ ಮೊದಲು ಬಿಡ್ ಸಲ್ಲಿಸಬೇಕಾದದ್ದು ಇಂಥ ಕಾರ್ಯಾಗಾರಕ್ಕೆ. ಅದಕ್ಕೂ ಮುನ್ನ ಇಲ್ಲಿನ ತಂತ್ರಜ್ಞರು ಸದಸ್ಯತ್ವ ಪಡೆದು, ಸಮ್ಮೇಳನಗಳಿಗೆ ಹೋಗಿ, ಪ್ರಬಂಧ ಓದಬೇಕು. ಪ್ರಯಾಣ ವೆಚ್ಚವನ್ನು ಕಾರ್ಖಾನೆಗಳು ಭರಿಸಿದರೆ ಅದೇ ಬಿಡ್‌ನ ಮೊದಲ ಕಂತು.

ತೋರಿಸಲು ಇಲ್ಲಿ ಸಾಕಷ್ಟಿದೆ, ಮೆಚ್ಚಿಸುವಂಥದ್ದು ಮಾತ್ರವಲ್ಲ. ಕೃಷ್ಣಾ ತೀರದಲ್ಲಿ ಅತಿಯಾಗಿ ನೀರುಣಿಸಿದ ಪರಿಣಾಮ ಸವಳು–ಜವಳಾದ ಹೊಲಗಳಿವೆ. ಕೊಲಂಬಿಯಾ, ಆಸ್ಟ್ರೇಲಿಯಾಗಳ ತಜ್ಞರು ತಮ್ಮಲ್ಲಿಯೂ ಬಸಿಗಾಲುವೆ, ನೆಲದಡಿಯ ಕೊಳವೆಗಳ ಮೂಲಕ ಎದುರಿಸಿರುವ ಸಮಸ್ಯೆ ಇದು. ಅವರ ಮಾತು ಅಥಣಿಯ ರೈತನ ಕಿವಿಗೆ ಬೀಳಬೇಕಾದರೆ ರೈತರಿಗೆ ಒಂದು ದಿನದ ಉಚಿತ ಪ್ರವೇಶವೂ ಕನ್ನಡ, ಮರಾಠಿ ಭಾಷಾಂತರವೂ ಮೊದಲ ಕರಡಿನಲ್ಲೇ ಇರಬೇಕು. ಮುಂಗಡಪತ್ರ ಅಂತಿಮಗೊಂಡ ಮೇಲೆ ಸೇರಿಸಲು ಹೊರಟರೆ ಹಣವಿರುವುದಿಲ್ಲ.

ಕ್ಷೇತ್ರ ಪ್ರವಾಸದ ದಾರಿ ಈಗಾಗಲೇ ನಕ್ಷೆಯಲ್ಲಿದೆ. ಬೆಳಗಾವಿಯಿಂದ ಹೆದ್ದಾರಿಯಲ್ಲಿ ಸಂಕೇಶ್ವರದ ಸಂಶೋಧನಾ ಕೇಂದ್ರ, ಚಿಕ್ಕೋಡಿಯ ಸಹಕಾರಿ ಕಾರ್ಖಾನೆ, ಅಲ್ಲಿಂದ 1939ರಲ್ಲಿ ಶಿರಗಾಂವಕರ ಮನೆತನ ಕಟ್ಟಿದ ಉಗಾರ ಸಕ್ಕರೆ ಕಾರ್ಖಾನೆ, ಅಥಣಿ. ಇನ್ನೂ ಮುಂದೆ ಕೊಕಟನೂರಿನಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯ. ಕಬ್ಬಿನ ಸೋಗೆಯನ್ನೇ ಮೇವಾಗಿಸಿಕೊಂಡ ಎಮ್ಮೆ, ಎತ್ತುಗಳ ಕುರಿತು ಅರ್ಧ ದಿನದ ಗೋಷ್ಠಿಗೆ ಅದು ತಕ್ಕ ಜಾಗ. ಬೆಳಗಾವಿಯಿಂದ ಇಷ್ಟು ದೂರ ಬಂದು ಅದೇ ದಿನ ಹಿಂದಿರುಗುವುದು ಪ್ರಯಾಸವಾದ್ದರಿಂದ ಒಂದು ರಾತ್ರಿಯ ವಸತಿ ಬೇಕಾಗುತ್ತದೆ. ವಾಪಸಾಗಲು ರಸ್ತೆಯೊಂದೇ ಗತಿಯಲ್ಲ. ಮಿರಜ–ಬೆಳಗಾವಿ ರೈಲು ಮಾರ್ಗದಲ್ಲಿ ಉಗಾರ ಖುರ್ದಕ್ಕೆ ನಿಲ್ದಾಣವಿದೆ.